ಮೊಬೈಲು, ಮನಸ್ಸು ಮತ್ತು ಮನೆಯ ಸಮಯ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಈ ಭಾಗದ ಯಾವ ಊರಿಗೆ ಹೋದರೂ ತಾಯಂದಿರಿಂದ ಇಂದು ಕೇಳಿಬರುವ ದೂರು ಒಂದೇ: ಮಕ್ಕಳು ಮೊಬೈಲು ಬಿಡುವುದಿಲ್ಲ. ರಾವೂರಿನಂಥ ಹಳ್ಳಿಯೂ ಇದಕ್ಕೆ ಹೊರತಲ್ಲ. ಊಟಕ್ಕೆ ಕರೆದರೆ “ಒಂದು ನಿಮಿಷ ಅಮ್ಮಿ” ಎನ್ನುತ್ತಾರೆ. ಆ ಒಂದು ನಿಮಿಷ ಅರ್ಧ ಗಂಟೆಯಾಗುತ್ತದೆ. ಅಝಾನ್ ಕೇಳಿಸುತ್ತದೆ, ಬಗ್ಗಿದ ತಲೆ ಮೇಲೇಳುವುದಿಲ್ಲ. ದಾದಿ ಏನೋ ಕೇಳುತ್ತಾರೆ, ಉತ್ತರ ಬರುವುದಿಲ್ಲ.

ಈ ದೂರಿಗೆ ನಮ್ಮ ಸಮಾಜದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಒಂದು, ಮೊಬೈಲು ಎಂಬುದೇ ಶೈತಾನನ ಸಾಧನ, ಅದನ್ನು ಒಡೆದು ಹಾಕಿ ಎಂಬುದು. ಇನ್ನೊಂದು, ಕಾಲವೇ ಹಾಗಿದೆ, ನಾವೇನು ಮಾಡಲು ಸಾಧ್ಯ ಎಂಬುದು. ಸ್ವಲ್ಪ ಯೋಚಿಸಿ ನೋಡಿ: ಈ ಎರಡೂ ಉತ್ತರಗಳು ಹಿರಿಯರನ್ನು ಹೊಣೆಯಿಂದ ಬಿಡುಗಡೆಗೊಳಿಸುತ್ತವೆ. ಮೊದಲನೆಯದು ತಪ್ಪನ್ನು ಉಪಕರಣದ ಮೇಲೆ ಹೊರಿಸುತ್ತದೆ, ಎರಡನೆಯದು ಕಾಲದ ಮೇಲೆ ಹೊರಿಸುತ್ತದೆ. ಆದರೆ ಪ್ರತಿಯೊಬ್ಬನೂ ತನ್ನ ಅಧೀನದಲ್ಲಿರುವವರ ಕುರಿತು ಉತ್ತರಿಸಬೇಕಾದವನು ಎಂಬ ಪಾಠವನ್ನು ಪ್ರವಾದಿವರ್ಯರಿಂದ(ಸ) ಕಲಿತ ಸಮುದಾಯಕ್ಕೆ ಈ ಉತ್ತರಗಳು ಸಾಲುವುದಿಲ್ಲ. ಆದ್ದರಿಂದ ಈ ವಿಷಯದಲ್ಲಿ ಸಂಶೋಧಕರು ನಿಜವಾಗಿ ಏನನ್ನು ಕಂಡುಕೊಂಡಿದ್ದಾರೆ, ಒಂದು ಸಾಮಾನ್ಯ ಕುಟುಂಬ ಏನು ಮಾಡಬಹುದು ಎಂಬುದನ್ನು ನಿಧಾನವಾಗಿ ನೋಡೋಣ.

ಮಗುವಿನ ಕೈಗೆ ಫೋನು ಬಂದ ಬಗೆ

ಫೋನು ತಾನಾಗಿ ಮಗುವಿನ ಕೈಗೆ ಬರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಆರಂಭವಾದ ಮೇಲೆ ದೇಶದಾದ್ಯಂತ ಇಂಟರ್‌ನೆಟ್ಟಿನ ಬೆಲೆ ಇಳಿಯಿತು. ಅಲ್ಲಿಯವರೆಗೆ ಎಣಿಸಿ ಖರ್ಚು ಮಾಡುತ್ತಿದ್ದ ಡೇಟಾ ದಿನಕ್ಕೆ ಇಷ್ಟು ಎಂದು ಸಿಗತೊಡಗಿತು. ಆಗಲೂ ಹೆಚ್ಚಿನ ಮನೆಗಳಲ್ಲಿ ಫೋನು ತಂದೆಯದ್ದೇ ಆಗಿತ್ತು. 2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದವು. ಪಾಠಗಳು ಫೋನಿಗೆ ಬಂದವು. ಫೋನಿಲ್ಲದ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ ಅದೇ ವರ್ಷ ‘ವಿದ್ಯಾಗಮ’ ಎಂಬ ಯೋಜನೆಯನ್ನು ತಂದು, ಶಿಕ್ಷಕರನ್ನೇ ಮಕ್ಕಳ ಓಣಿಗಳಿಗೆ ಕಳುಹಿಸಬೇಕಾಯಿತು. ಸೋಂಕಿನ ಭಯದಿಂದ ಅದೂ ಕೆಲವೇ ತಿಂಗಳಲ್ಲಿ ನಿಂತಿತು. ಆಗ ಎಷ್ಟೋ ತಂದೆತಾಯಿಗಳು ಸಾಲ ಮಾಡಿ ಮಕ್ಕಳಿಗೆಂದು ಫೋನು ಕೊಂಡರು. ಶಾಲೆಗಳು ಮತ್ತೆ ತೆರೆದವು, ಫೋನು ಮಾತ್ರ ಮಗುವಿನ ಕೈಯಲ್ಲೇ ಉಳಿಯಿತು.

ಗ್ರಾಮೀಣ ಭಾರತದ ಶಿಕ್ಷಣ ಸ್ಥಿತಿಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ 2024ರ ವರದಿ ಈ ಬದಲಾವಣೆಯನ್ನು ಅಂಕಿಗಳಲ್ಲಿ ತೋರಿಸುತ್ತದೆ. 14ರಿಂದ 16 ವರ್ಷದ ಹಳ್ಳಿಯ ಮಕ್ಕಳಲ್ಲಿ ಸುಮಾರು ಶೇಕಡಾ 90ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ; ಶೇಕಡಾ 82ಕ್ಕೂ ಹೆಚ್ಚು ಮಕ್ಕಳಿಗೆ ಅದನ್ನು ಬಳಸಲು ಬರುತ್ತದೆ. ಬಳಸಲು ಬಲ್ಲ ಮಕ್ಕಳ ಪೈಕಿ ಹಿಂದಿನ ಒಂದು ವಾರದಲ್ಲಿ ಕಲಿಕೆಗಾಗಿ ಬಳಸಿದವರು ಶೇಕಡಾ 57. ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು ಶೇಕಡಾ 76. ಓದಿಗೆಂದು ಕೊಡಿಸಿದ ಫೋನು ಓದಿಗೂ ಬಳಕೆಯಾಗುತ್ತಿದೆ, ಆದರೆ ಅದಕ್ಕಿಂತ ಹೆಚ್ಚಾಗಿ ಬೇರೆಯದಕ್ಕೆ ಬಳಕೆಯಾಗುತ್ತಿದೆ ಎಂಬುದು ಇದರ ತಾತ್ಪರ್ಯ.

ನಮ್ಮ ಭಾಗದ ಸ್ಥಿತಿಗತಿಗಳೂ ಇದಕ್ಕೆ ಕೂಡಿಕೊಂಡಿವೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಪಾಳಿಯ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದ ತಂದೆ ಹಗಲಲ್ಲಿ ಮಲಗಬೇಕು, ಮನೆಯಲ್ಲಿ ಗದ್ದಲವಾಗಬಾರದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ಪರಸಿ ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಗಳಲ್ಲಿ ನೀರು ನಿಂತಿರುತ್ತದೆ. ಮಗು ಆ ಕಡೆ ಹೋದರೆ ತಾಯಿಯ ಜೀವ ತಲ್ಲಣಿಸುತ್ತದೆ. ಇಂಥ ಮನೆಯಲ್ಲಿ ಫೋನು ಕೈಗಿತ್ತರೆ ಮಗು ಸುಮ್ಮನೆ ಒಂದು ಮೂಲೆಯಲ್ಲಿ ಕೂರುತ್ತದೆ. ಈ ತಾಯಿಯನ್ನು ದೂಷಿಸುವುದು ಸುಲಭ. ಆಕೆ ಆ ಹೊತ್ತಿಗೆ ತನಗೆ ಸಿಕ್ಕ ಪರಿಹಾರವನ್ನು ಆರಿಸಿಕೊಂಡಿದ್ದಾಳೆ ಎಂಬುದನ್ನು ಮರೆಯಬಾರದು.

ಫೋನಿನ ಉಪಕಾರವನ್ನೂ ಮರೆಯುವಂತಿಲ್ಲ. ಪುಣೆಯಲ್ಲೋ ಹೈದರಾಬಾದಿನಲ್ಲೋ ದುಡಿಯುವ ಮಗ, ಸೌದಿಯಲ್ಲಿರುವ ತಂದೆ ತನ್ನ ಮನೆಯವರ ಮುಖವನ್ನು ಪ್ರತಿದಿನ ನೋಡುವಂತಾಗಿರುವುದು ಇದರಿಂದಲೇ. ಕಲಬುರಗಿ ಮಾರುಕಟ್ಟೆಯ ತೊಗರಿ ಧಾರಣೆ, ರೈಲಿನ ಟಿಕೆಟು, ಪರೀಕ್ಷೆಯ ಫಲಿತಾಂಶ, ಕುರ್‌ಆನ್ ಪಠಣ ಎಲ್ಲವೂ ಅದರಲ್ಲಿದೆ. ಒಡೆದು ಹಾಕುವ ಮಾತು ಆಡುವವರೂ ಮರುದಿನ ಇನ್ನೊಂದನ್ನು ಕೊಳ್ಳಬೇಕಾಗುತ್ತದೆ.

ಸಂಶೋಧಕರು ಏನು ಹೇಳುತ್ತಾರೆ?

ಸ್ಮಾರ್ಟ್‌ಫೋನ್ ಮನಸ್ಸನ್ನು ಕೆಡಿಸುತ್ತದೆಯೇ? ಈ ಪ್ರಶ್ನೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೀನ್ ಟ್ವೆಂಗಿ, ಜೊನಾಥನ್ ಹೈಟ್ ಮೊದಲಾದವರು ಹೌದೆನ್ನುತ್ತಾರೆ. 2010ರ ನಂತರದ ವರ್ಷಗಳಲ್ಲಿ ಅಮೆರಿಕದ ಹದಿಹರೆಯದವರಲ್ಲಿ, ವಿಶೇಷವಾಗಿ ಹುಡುಗಿಯರಲ್ಲಿ ಖಿನ್ನತೆ ಏರಿತು. ಸ್ಮಾರ್ಟ್‌ಫೋನ್ ಹರಡಿದ್ದೂ ಆಗಲೇ ಎಂಬುದು ಅವರ ವಾದ.

ಇನ್ನೊಂದು ಕಡೆ, ಬ್ರಿಟನ್ನಿನ ಆಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಝಿಬಿಲ್ಸ್ಕಿ 2019ರಲ್ಲಿ ಬ್ರಿಟನ್ ಹಾಗೂ ಅಮೆರಿಕದ ಮೂರು ದೊಡ್ಡ ಸಮೀಕ್ಷೆಗಳಿಂದ 3,55,358 ಹದಿಹರೆಯದವರ ಮಾಹಿತಿಯನ್ನು ಪರಿಶೀಲಿಸಿದರು. ಸ್ಕ್ರೀನ್ ಬಳಕೆಗೂ ಮಾನಸಿಕ ನೆಮ್ಮದಿಗೂ ವ್ಯತಿರಿಕ್ತ ಸಂಬಂಧವಿದೆ, ಆದರೆ ಅದು ಬಹಳ ಸಣ್ಣದು ಎಂದು ಅವರು ಕಂಡುಕೊಂಡರು. ಒಬ್ಬ ಹುಡುಗನಿಗೂ ಇನ್ನೊಬ್ಬನಿಗೂ ನೆಮ್ಮದಿಯಲ್ಲಿರುವ ವ್ಯತ್ಯಾಸದಲ್ಲಿ ಹೆಚ್ಚೆಂದರೆ ಶೇಕಡಾ 0.4 ಭಾಗವನ್ನು ಮಾತ್ರ ಸ್ಕ್ರೀನಿನ ಬಳಕೆಯಿಂದ ವಿವರಿಸಬಹುದು. ಅದೇ ಲೆಕ್ಕದಲ್ಲಿ ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಹೆಚ್ಚುಕಡಿಮೆ ಅಷ್ಟೇ ಸಂಬಂಧ ಕಂಡಿತು! ಅದಕ್ಕೂ ಮೊದಲು, 2017ರಲ್ಲಿ ಪ್ರಿಝಿಬಿಲ್ಸ್ಕಿ ಮತ್ತು ನೆಟ್ಟಾ ವೈನ್‌ಸ್ಟೈನ್ ಇಂಗ್ಲೆಂಡಿನ 15 ವರ್ಷದ 1,20,115 ಮಕ್ಕಳ ಮಾಹಿತಿಯನ್ನು ನೋಡಿ, ಮಿತವಾದ ಬಳಕೆಯಲ್ಲಿ ಹಾನಿ ಕಾಣುವುದಿಲ್ಲ, ಅತಿಯಾದಾಗ ನೆಮ್ಮದಿ ಸ್ವಲ್ಪ ಕುಗ್ಗುತ್ತದೆ ಎಂದಿದ್ದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ಎರಡು ಸಂಗತಿಗಳು ಜೊತೆಯಾಗಿ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದಾಗುವುದಿಲ್ಲ. ಫೋನು ಹೆಚ್ಚು ನೋಡಿ ಹುಡುಗ ಮಂಕಾಗಿರಬಹುದು. ಮನೆಯಲ್ಲಿ ದಿನವೂ ಜಗಳ ನಡೆಯುವುದರಿಂದ, ಅಥವಾ ಶಾಲೆಯಲ್ಲಿ ಗೆಳೆಯರಿಲ್ಲದ ಕಾರಣ ಮಂಕಾದ ಹುಡುಗ ಫೋನಿನಲ್ಲಿ ಮುಖ ಮುಚ್ಚಿಕೊಂಡಿರಲೂಬಹುದು. ಎರಡನೆಯ ಹುಡುಗನಿಂದ ಫೋನು ಕಸಿದುಕೊಂಡರೆ ದುಃಖ ಹೋಗುವುದಿಲ್ಲ, ಅವನಿಗಿದ್ದ ಆಸರೆ ಮಾತ್ರ ಹೋಗುತ್ತದೆ.

ಕಾರಣವನ್ನು ತಿಳಿಯಬೇಕಾದರೆ ಪ್ರಯೋಗ ಮಾಡಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೆಲಿಸ್ಸಾ ಹಂಟ್ ಮತ್ತು ಸಂಗಡಿಗರು 2018ರಲ್ಲಿ ಅಂಥ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 143 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ವಾರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್‌ಗಳಲ್ಲಿ ಪ್ರತಿಯೊಂದಕ್ಕೂ ದಿನಕ್ಕೆ 10 ನಿಮಿಷ ಮಾತ್ರ ಎಂದು ಮಿತಿ ಹಾಕಿದರು. ಇನ್ನೊಂದು ಗುಂಪು ಎಂದಿನಂತೆ ಬಳಸಿತು. ಮಿತಿ ಹಾಕಿಕೊಂಡವರಲ್ಲಿ ಒಂಟಿತನ ಮತ್ತು ಖಿನ್ನತೆ ಕಡಿಮೆಯಾಯಿತು. ಎರಡೂ ಗುಂಪಿನವರಲ್ಲಿ ಆತಂಕ ತಗ್ಗಿದ್ದು ಇನ್ನೂ ಗಮನಾರ್ಹ. ಎಷ್ಟು ಹೊತ್ತು ಬಳಸುತ್ತಿದ್ದೇವೆ ಎಂದು ತಾವೇ ಗಮನಿಸತೊಡಗಿದ್ದೇ ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಭಾವಿಸಿದರು. ನಮಗೆ ಇದು ಹೊಸ ಮಾತಲ್ಲ. ರಾತ್ರಿ ಮಲಗುವ ಮುನ್ನ ದಿನದ ಲೆಕ್ಕವನ್ನು ತನ್ನೊಡನೆಯೇ ಮಾಡಿಕೊಳ್ಳುವ ಮುಹಾಸಬಾ ನಮ್ಮ ಹಿರಿಯರ ಅಭ್ಯಾಸವಾಗಿತ್ತು.

ಹಾಗಾದರೆ ಇವೆಲ್ಲದರಿಂದ ತಿಳಿಯುವುದೇನು? ಎಷ್ಟು ಗಂಟೆ ಎಂಬ ಪ್ರಶ್ನೆಯೊಂದರಿಂದಲೇ ಉತ್ತರ ಸಿಗುವುದಿಲ್ಲ. ಕೇಳಬೇಕಾದ ಮುಖ್ಯ ಪ್ರಶ್ನೆ: ಆ ಗಂಟೆ ಎಲ್ಲಿಂದ ಬಂತು? ದಿನಕ್ಕೆ ಇರುವುದು 24 ಗಂಟೆ. ಫೋನಿಗೆ ಹೋದ ಗಂಟೆ ನಿದ್ರೆಯಿಂದ ಬಂದಿರಬಹುದು, ಆಟದಿಂದ, ಓದಿನಿಂದ, ನಮಾಝಿನಿಂದ ಅಥವಾ ಮನೆಯವರೊಡನೆ ಆಡಬೇಕಾಗಿದ್ದ ಮಾತಿನಿಂದ ಬಂದಿರಬಹುದು. ಸುಮ್ಮನೆ ಪೋಲಾಗುತ್ತಿದ್ದ ಹೊತ್ತಿನಿಂದ ಬಂದಿದ್ದರೆ ಹಾನಿ ಅಲ್ಪ. ನಿದ್ರೆಯಿಂದ, ಮಾತಿನಿಂದ ಬಂದಿದ್ದರೆ ಹಾನಿ ದೊಡ್ಡದು. ಆರೋಗ್ಯವನ್ನೂ ಬಿಡುವನ್ನೂ ಜನರು ಬೆಲೆ ಅರಿಯದೆ ಕಳೆದುಕೊಳ್ಳುತ್ತಾರೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದರು. ಈ ಎರಡನ್ನೂ ಒಟ್ಟಿಗೆ ಕಸಿಯಬಲ್ಲ ವಸ್ತು ಇಂದು ನಮ್ಮ ಅಂಗೈಯಲ್ಲಿದೆ.

ಮೊದಲ ನಷ್ಟ: ನಿದ್ರೆ

ವಿದ್ವಾಂಸರ ಭಿನ್ನಾಭಿಪ್ರಾಯ ಬಹಳ ಮಟ್ಟಿಗೆ ಕಡಿಮೆಯಾಗುವ ವಿಷಯವೊಂದಿದೆ, ಅದು ನಿದ್ರೆ. ಲಂಡನ್ನಿನ ಬೆನ್ ಕಾರ್ಟರ್ ಮತ್ತು ಸಂಗಡಿಗರು 2016ರಲ್ಲಿ 20 ಅಧ್ಯಯನಗಳನ್ನು, ಅಂದರೆ 1,25,198 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಮಲಗುವ ಹೊತ್ತಿನಲ್ಲಿ ಫೋನು ಅಥವಾ ಟ್ಯಾಬ್ಲೆಟ್ ಬಳಸುವ ಮಕ್ಕಳಲ್ಲಿ ನಿದ್ರೆಯ ಅವಧಿಯೂ ಕಡಿಮೆ, ಗುಣವೂ ಕಡಿಮೆ, ಮರುದಿನ ಹಗಲಲ್ಲಿ ತೂಕಡಿಕೆ ಹೆಚ್ಚು. ಬಳಸದಿದ್ದರೂ ಮಲಗುವ ಕೋಣೆಯಲ್ಲಿ ಅದು ಕೈಗೆಟಕುವಂತೆ ಇದ್ದ ಮಕ್ಕಳಲ್ಲಿಯೂ ನಿದ್ರೆ ಕೆಟ್ಟಿರುವುದು ಕಂಡುಬಂತು.

ಇದಕ್ಕೆ ಕಾರಣಗಳಿವೆ. ಕತ್ತಲಾಗುತ್ತಿದ್ದಂತೆ ದೇಹದಲ್ಲಿ ಮೆಲಟೋನಿನ್ ಎಂಬ ರಸದೂತ ಏರುತ್ತದೆ. ಇನ್ನು ರಾತ್ರಿಯಾಯಿತು ಎಂದು ದೇಹಕ್ಕೆ ತಿಳಿಸುವುದು ಅದೇ. ಕಣ್ಣಿನ ಹತ್ತಿರ ಹಿಡಿದ ಬೆಳಕಿನ ತೆರೆ ಅದನ್ನು ತಡೆಯುತ್ತದೆ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಪ್ರಯೋಗದಲ್ಲಿ 12 ಮಂದಿ ಕೆಲವು ರಾತ್ರಿ ಬೆಳಗುವ ತೆರೆಯಲ್ಲೂ ಕೆಲವು ರಾತ್ರಿ ಮುದ್ರಿತ ಪುಸ್ತಕದಲ್ಲೂ ಓದಿದರು. ತೆರೆಯಲ್ಲಿ ಓದಿದ ರಾತ್ರಿಗಳಲ್ಲಿ ಮೆಲಟೋನಿನ್ ಕುಗ್ಗಿತು, ನಿದ್ರೆ ಬರಲು ಸುಮಾರು 10 ನಿಮಿಷ ಹೆಚ್ಚು ಬೇಕಾಯಿತು. ಹತ್ತು ನಿಮಿಷ ದೊಡ್ಡದಲ್ಲ ಎನಿಸಬಹುದು. ಆದರೆ ಪುಸ್ತಕದಲ್ಲಿ ಪಾಠವೊಂದು ಮುಗಿಯುತ್ತದೆ, ರೀಲ್ಸ್ ಮುಗಿಯುವುದಿಲ್ಲ. ಹತ್ತು ಗಂಟೆಗೆ ಮಲಗಬೇಕಾದವನು ಹನ್ನೆರಡಕ್ಕೂ ಎಚ್ಚರವಾಗಿರುತ್ತಾನೆ.

ಒಂದು ಸಣ್ಣ ಲೆಕ್ಕ ಮಾಡಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ನಿಮ್ಮ ಹತ್ತು ವರ್ಷದ ಮಗ ಬೆಳಿಗ್ಗೆ 5.30ಕ್ಕೆ ಎದ್ದು ಫಜ್ರ್ ನಿರ್ವಹಿಸಬೇಕಾದರೆ ರಾತ್ರಿ 8.30ಕ್ಕೆ ನಿದ್ರಿಸಿರಬೇಕು. ಇಶಾಕ್ಕೆ ಮುಂಚೆ ಮಲಗುವುದನ್ನೂ ಇಶಾದ ಬಳಿಕ ಹರಟೆ ಹೊಡೆಯುವುದನ್ನೂ ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ ಎಂದು ಹದೀಸ್ ಗ್ರಂಥಗಳಲ್ಲಿ ವರದಿಯಾಗಿದೆ. ಇಶಾವು ದಿನದ ಕೊನೆಯಾಗಿರುವ ಮನೆಯಲ್ಲಿ ಈ ಲೆಕ್ಕ ತಾನಾಗಿ ಹೊಂದಿಕೊಳ್ಳುತ್ತದೆ. ಇಶಾದ ಬಳಿಕ ದಿನದ ಎರಡನೆಯ ಭಾಗ ಆರಂಭವಾಗುವ ಮನೆಯಲ್ಲಿ ಫಜ್ರಿಗೆ ಮಗುವನ್ನು ಎಬ್ಬಿಸುವುದು ದಿನನಿತ್ಯದ ಯುದ್ಧವಾಗುತ್ತದೆ. ಮಗು ನಮಾಝಿಗೆ ಏಳುವುದಿಲ್ಲವೆಂದು ಗದರುವ ಮುನ್ನ ಅದು ಮಲಗಿದ್ದು ಎಷ್ಟು ಹೊತ್ತಿಗೆ ಎಂದು ಕೇಳಬೇಡವೇ?

ಬೆರಳನ್ನು ಹಿಡಿದಿಡುವ ತಂತ್ರ

“ನೀನು ಮನಸ್ಸು ಮಾಡಿದರೆ ಬಿಡಬಹುದು” ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಆದರೆ ಆ ಮಗುವಿನ ಎದುರಿಗಿರುವುದು ಏನೆಂದು ಅರಿತಿದ್ದೇವೆಯೇ? ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲಿ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿ ಒಂದು ವಿಷಯ ಕಂಡುಕೊಂಡರು. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಸಿಕ್ಕರೆ, ಕಾಳು ನಿಂತ ಮೇಲೆ ಹಕ್ಕಿ ಬೇಗನೆ ಕುಕ್ಕುವುದನ್ನು ಬಿಡುತ್ತದೆ. ಯಾವಾಗ ಸಿಗುತ್ತದೆಂದು ಗೊತ್ತಾಗದ ಹಾಗೆ ಒಮ್ಮೆ ಕೊಟ್ಟು ಒಮ್ಮೆ ಕೊಡದಿದ್ದರೆ ಹಕ್ಕಿ ಬಿಡದೆ ಕುಕ್ಕುತ್ತಲೇ ಇರುತ್ತದೆ. ಜೂಜಿನ ಯಂತ್ರಗಳು ಕೆಲಸ ಮಾಡುವುದು ಹೀಗೆಯೇ. ತೆರೆಯನ್ನು ಮೇಲಕ್ಕೆ ಸರಿಸುವ ಬೆರಳೂ ಇದನ್ನೇ ಮಾಡುತ್ತಿದೆ. ಮುಂದಿನ ವಿಡಿಯೊ ನೀರಸವಾಗಿರಬಹುದು, ಬಹಳ ಚೆನ್ನಾಗಿರಲೂಬಹುದು. ಆ ‘ಬಹುದು’ ಎಂಬುದೇ ಬೆರಳನ್ನು ಹಿಡಿದಿಡುತ್ತದೆ. ನಾವು ನೋಡುವ ಪ್ರತಿ ನಿಮಿಷವೂ ಜಾಹೀರಾತಿನ ಮೂಲಕ ಕಂಪೆನಿಗಳಿಗೆ ಹಣವಾಗುವುದರಿಂದ ಹೆಚ್ಚು ಹೊತ್ತು ಕೂರಿಸುವುದೇ ಅವರ ವ್ಯಾಪಾರ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಲ್ಲಿ ಈ ತಂತ್ರ ನೇರವಾಗಿ ಜೂಜಾಗುತ್ತದೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇವುಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಕಾನೂನು ಬರಲಿ ಬಾರದಿರಲಿ, ಜೂಜು ನಿಷಿದ್ಧವೆಂದು ನಮಗೆ ಹದಿನಾಲ್ಕು ಶತಮಾನಗಳ ಹಿಂದೆಯೇ ತಿಳಿಸಲಾಗಿದೆ. ಅಂಗಡಿಯಲ್ಲಿ ಇಸ್ಪೀಟು ಆಡುವ ಮಗನನ್ನು ಎಳೆದು ತರುವ ತಂದೆ, ಮನೆಯೊಳಗೆ ಹಾಸಿಗೆಯ ಮೇಲೆ ಅದನ್ನೇ ಆಡುವ ಮಗನನ್ನು ಕಾಣದೆ ಹೋಗಬಾರದು.

ಆಸ್ಟ್ರೇಲಿಯಾ 2024ರ ನವೆಂಬರ್‌ನಲ್ಲಿ ಮಾಡಿದ ಕಾನೂನಿನಂತೆ 2025ರ ಡಿಸೆಂಬರ್ 10ರಿಂದ ಅಲ್ಲಿ 16 ವರ್ಷದೊಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ. ದೊಡ್ಡವರೇ ಸೋಲುವ ಸ್ಪರ್ಧೆಗೆ ಮಕ್ಕಳನ್ನು ಒಬ್ಬಂಟಿಯಾಗಿ ಇಳಿಸಬಾರದೆಂಬ ವಿವೇಕ ಈಗ ಸರ್ಕಾರಗಳಿಗೂ ಬರುತ್ತಿದೆ.

ಹಿರಿಯರ ಕೈಯಲ್ಲಿರುವ ಫೋನು

ಇದುವರೆಗೆ ಮಕ್ಕಳ ಮಾತಾಯಿತು. ಈಗ ನಮ್ಮ ಮಾತು. ಅಮೆರಿಕದ ಮಕ್ಕಳ ವೈದ್ಯೆ ಜೆನ್ನಿ ರಾಡೆಸ್ಕಿ ಮತ್ತು ಸಂಗಡಿಗರು ಬೋಸ್ಟನ್ ನಗರದ ಹೋಟೆಲುಗಳಲ್ಲಿ ಕುಳಿತು, ಚಿಕ್ಕ ಮಕ್ಕಳೊಡನೆ ಊಟಕ್ಕೆ ಬಂದ 55 ಮಂದಿ ಹಿರಿಯರನ್ನು ಸುಮ್ಮನೆ ಗಮನಿಸಿದರು. 2014ರಲ್ಲಿ ಪ್ರಕಟವಾದ ಅವರ ವರದಿಯಂತೆ 40 ಮಂದಿ ಊಟದ ನಡುವೆ ಫೋನು ಬಳಸಿದರು. ಕೆಲವರಂತೂ ಊಟದುದ್ದಕ್ಕೂ ಅದರಲ್ಲೇ ಮುಳುಗಿದ್ದರು. ಹೀಗೆ ಮುಳುಗಿದ್ದವರ ಮಕ್ಕಳು ಗಮನ ಸೆಳೆಯಲು ತುಂಟಾಟ ಮಾಡಿದಾಗ ಹಿರಿಯರು ಹಲವು ಬಾರಿ ಒರಟಾಗಿ ಉತ್ತರಿಸಿದರು.

ಇದನ್ನು ಓದಿ ಅಮೆರಿಕದವರ ಬಗ್ಗೆ ಮರುಗುವ ಅಗತ್ಯವಿಲ್ಲ. ನಮ್ಮ ದಸ್ತರ್‌ಖಾನಿನ ಸುತ್ತ ಒಮ್ಮೆ ನೋಡಿದರೆ ಸಾಕು. ಮಗಳು ಶಾಲೆಯಲ್ಲಿ ನಡೆದದ್ದನ್ನು ಹೇಳಲು ಬರುತ್ತಾಳೆ. ತಂದೆಯ ಕಣ್ಣು ವಾಟ್ಸಪ್ಪಿನಲ್ಲಿದೆ, ಬಾಯಿ ಮಾತ್ರ “ಹೂಂ, ಹೂಂ” ಎನ್ನುತ್ತಿದೆ. ಎರಡು ಮೂರು ಸಲ ಹೀಗಾದರೆ ಮಗು ಹೇಳುವುದನ್ನೇ ನಿಲ್ಲಿಸುತ್ತದೆ. ಮುಂದೆ ಅದೇ ಮಗಳು ಹದಿನೈದು ವರ್ಷದವಳಾದಾಗ “ಏನನ್ನೂ ಹೇಳುವುದಿಲ್ಲ, ಸದಾ ಫೋನಿನಲ್ಲಿರುತ್ತಾಳೆ” ಎಂದು ನಾವು ದೂರುತ್ತೇವೆ. ಕೇಳುವವರಿಲ್ಲದ ಮನೆಯಲ್ಲಿ ಮಾತು ಬೇರೆ ದಾರಿ ಹುಡುಕಿಕೊಂಡರೆ ಅಚ್ಚರಿಯೇನು?

ಪ್ರವಾದಿವರ್ಯರ(ಸ) ನಡತೆಯನ್ನು ವರ್ಣಿಸಿದವರು, ಅವರು ಯಾರ ಕಡೆಗಾದರೂ ತಿರುಗಿದರೆ ಇಡೀ ಶರೀರದೊಂದಿಗೆ ತಿರುಗುತ್ತಿದ್ದರು ಎಂದು ತಿಳಿಸಿದ್ದಾರೆ. ಕಣ್ಣಂಚಿನಿಂದ ನೋಡಿ ಉತ್ತರಿಸುವುದು ಅವರ ರೀತಿಯಾಗಿರಲಿಲ್ಲ. ಮಕ್ಕಳಿಗೂ ಅವರು ಹಾಗೆಯೇ ಸಮಯ ಕೊಟ್ಟರು. ಒಂದು ಸಮುದಾಯದ ಹೊಣೆ ಹೊತ್ತವರಿಗೆ ಬಿಡುವಿತ್ತು, ನಮಗೆ ಬಿಡುವಿಲ್ಲವೇ?

ಇನ್ನೊಂದು ವಿಷಯ. ನಮ್ಮಲ್ಲಿ ಫೋನಿನ ಶಿಸ್ತು ಅನೇಕ ವೇಳೆ ಹೆಣ್ಣು ಮಕ್ಕಳಿಗೆ ಮಾತ್ರ ಸೀಮಿತವಾಗಿರುತ್ತದೆ. ಮಗಳ ಫೋನು ತಪಾಸಣೆಯಾಗುತ್ತದೆ, ಮಗ ರಾತ್ರಿ ಒಂದು ಗಂಟೆಯವರೆಗೆ ಏನು ನೋಡುತ್ತಾನೆಂದು ಯಾರೂ ಕೇಳುವುದಿಲ್ಲ. ಸ್ವಂತ ಫೋನು ಹೊಂದಿರುವವರಲ್ಲಿ ಹುಡುಗಿಯರಿಗಿಂತ ಹುಡುಗರೇ ಹೆಚ್ಚು ಎಂದು ಮೇಲೆ ಹೇಳಿದ ಸಮೀಕ್ಷೆಯೂ ತೋರಿಸಿದೆ. ದೃಷ್ಟಿಯನ್ನು ತಗ್ಗಿಸಬೇಕೆಂಬ ಆದೇಶ ಕುರ್‌ಆನಿನಲ್ಲಿ ಪುರುಷರಿಗೇ ಮೊದಲು ಬಂದಿದೆ ಎಂಬುದನ್ನು ನೆನಪಿಡೋಣ.

ಯಾವಾಗ ನೆರವು ಪಡೆಯಬೇಕು?

ಹೆಚ್ಚು ಫೋನು ನೋಡುವ ಪ್ರತಿ ಮಗುವೂ ರೋಗಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ವಿಡಿಯೊ ಆಟದ ಗೀಳಿಗೆ ಸ್ಥಾನ ನೀಡಿದೆ. ಆದರೆ ಫೋನಿನ ಸಾಮಾನ್ಯ ಬಳಕೆಯನ್ನು ರೋಗವೆಂದು ಕರೆದಿಲ್ಲ. ಗೀಳಿನ ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸ ಮತ್ತು ಆಸಕ್ತಿಗಳಿಗಿಂತ ಆಟವೇ ಮೇಲಾಗುವುದು, ಓದು, ಆರೋಗ್ಯ, ಸಂಬಂಧ ಕೆಡುತ್ತಿದ್ದರೂ ಮುಂದುವರಿಸುವುದು. ಸಾಮಾನ್ಯವಾಗಿ ಇದು 12 ತಿಂಗಳ ಕಾಲ ಕಂಡುಬಂದಿರಬೇಕು.

ಇಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯ ಆರಂಭವಾಯಿತು. ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದೇ ಮೀಸಲಾದ, ದೇಶದಲ್ಲಿ ಮೊದಲನೆಯದೆಂದು ಹೆಸರಾದ ಈ ಚಿಕಿತ್ಸಾಲಯವನ್ನು ಕಟ್ಟಿದವರು ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಮನೋಜ್ ಕುಮಾರ್ ಶರ್ಮಾ. ಅದರ ಹೆಸರಿನಲ್ಲೇ ಪಾಠವಿದೆ: ಬಳಕೆಯನ್ನು ಬಿಡಿಸುವುದಲ್ಲ, ಆರೋಗ್ಯಕರವಾಗಿಸುವುದು.

ರಾವೂರಿನಿಂದ ಬೆಂಗಳೂರು ದೂರವೆಂದು ಕೈಚೆಲ್ಲಬೇಕಾಗಿಲ್ಲ. ನಮ್ಮದೇ ಭಾಗದ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂದು ಕಲಬುರಗಿ ಜಿಲ್ಲೆಯಲ್ಲೂ ಆ ಸೇವೆ ಇದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಗು ಊಟ, ನಿದ್ರೆ, ಶಾಲೆಗಳನ್ನು ಬಿಟ್ಟು ಮೂಲೆ ಸೇರಿದ್ದರೆ, ಅಥವಾ ಬದುಕೇ ಬೇಡವೆಂಬಂಥ ಮಾತನ್ನಾಡಿದರೆ ಅದನ್ನು ಹಟವೆಂದು ತಳ್ಳಿಹಾಕಬೇಡಿ. ಆ ದಿನವೇ ಕರೆ ಮಾಡಿ. ನಜರ್ ತಾಗಿದೆಯೆಂದು ತಾಯತದ ಹಿಂದೆ ತಿಂಗಳುಗಟ್ಟಲೆ ಕಳೆಯಬೇಡಿ. ದುಆ ಮಾಡಿ, ಚಿಕಿತ್ಸೆಯನ್ನೂ ಕೊಡಿಸಿ. ಚಿಕಿತ್ಸೆ ಪಡೆಯುವಂತೆ ಪ್ರವಾದಿವರ್ಯರೇ(ಸ) ಹೇಳಿದ್ದಾರೆ.

ಮನೆಯಲ್ಲಿ ಮಾಡಬಹುದಾದದ್ದು

1. ಮೊದಲ ವಾರ ಏನನ್ನೂ ನಿಷೇಧಿಸಬೇಡಿ. ಬಳಕೆಯನ್ನು ಗಮನಿಸಿ ಬರೆದಿಡಿ. ದಿನಕ್ಕೆ ಎಷ್ಟು ಹೊತ್ತು ಬಳಸಿದೆವೆಂಬ ಲೆಕ್ಕ ಹೆಚ್ಚಿನ ಫೋನುಗಳ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ತಂದೆತಾಯಿಯ ಲೆಕ್ಕವನ್ನೂ ಮಕ್ಕಳ ಮುಂದಿಡಿ.

2. ಇಶಾದ ಬಳಿಕ ಮನೆಯ ಎಲ್ಲ ಫೋನುಗಳೂ ಮಲಗುವ ಜಾಗದಿಂದ ದೂರ, ಒಂದೇ ಕಡೆ ಚಾರ್ಜಿಗೆ ಇರಲಿ. ಪಾಳಿ ಕೆಲಸದವರಿಗೆ, ಹೊರದೇಶದ ಕರೆಗೆ ಕಾಯುವವರಿಗೆ ಒಂದು ಫೋನು ಸದ್ದು ಬರುವಂತೆ ಇದ್ದರೆ ಸಾಕು. ಫಜ್ರಿಗೆ ಏಳಲು ಒಂದು ಅಲಾರಾಂ ಗಡಿಯಾರ ಕೊಂಡುಕೊಳ್ಳಿ.

3. ದಸ್ತರ್‌ಖಾನ್ ಹಾಸಿದಾಗ ಫೋನು ಇರಬಾರದು. ಈ ನಿಯಮ ತಂದೆಯಿಂದ ಆರಂಭವಾಗಲಿ.

4. ಎರಡು ವರ್ಷದೊಳಗಿನ ಮಗುವಿಗೆ ಸ್ಕ್ರೀನ್ ಬೇಡ. ದೂರದ ಬಂಧುಗಳೊಡನೆ ಅಪರೂಪಕ್ಕೆ ವಿಡಿಯೊ ಕರೆಯಾದರೆ ಅಡ್ಡಿಯಿಲ್ಲ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ ಇದು. ಫೋನು ತೋರಿಸಿ ಊಟ ಮಾಡಿಸುವ ಅಭ್ಯಾಸ ಹಾಕಬೇಡಿ.

5. ಕಸಿದುಕೊಳ್ಳುವ ಬದಲು ಬೇರೆಯದನ್ನು ಕೊಡಿ. ಬೇಸಿಗೆಯಲ್ಲಿ ಅಸರ್ ಬಳಿಕ, ಬಿಸಿಲು ಇಳಿದ ಮೇಲೆ ಓಣಿಯ ಮಕ್ಕಳು ಆಡಲು ಗಣಿಯಿಂದ ದೂರವಿರುವ ಒಂದು ಸುರಕ್ಷಿತ ಜಾಗ ಬೇಕು. ಸರದಿಯ ಮೇಲೆ ಒಬ್ಬ ಹಿರಿಯರು ಅಲ್ಲಿದ್ದರೆ ತಾಯಂದಿರ ಭಯ ದೂರವಾಗುತ್ತದೆ. ಜಮಾಅತ್‌ಗಳು, ಯುವಕ ಸಂಘಗಳು ಮಾಡಬಹುದಾದ ಕೆಲಸವಿದು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಕಥೆ ಪುಸ್ತಕ, ಒಂದು ಕೇರಂ ಬೋರ್ಡ್ ಮನೆಯಲ್ಲಿರಲಿ.

6. ಮಾಡಿದ ನಿಯಮಕ್ಕೆ ಕಾರಣ ಹೇಳಿ. ಬೇಹುಗಾರಿಕೆ ಬೇಡ, ಮಾತುಕತೆ ಇರಲಿ. ಫೋನಿನಲ್ಲಿ ಭಯ ಹುಟ್ಟಿಸುವಂಥದ್ದೋ ನಾಚಿಕೆಯಾಗುವಂಥದ್ದೋ ಕಂಡಾಗ ಮಗು ಮೊದಲು ನಿಮ್ಮ ಬಳಿಗೆ ಓಡಿ ಬರುವಂತಿರಬೇಕು. ಹೊಡೆತ ಬೀಳುತ್ತದೆಂಬ ಭಯವಿದ್ದರೆ ಅದು ಬರುವುದಿಲ್ಲ.

ಓದುಗ ಬಂಧುಗಳೇ, ಕಾಲದ ಮೇಲೆ ಆಣೆಯಿಟ್ಟು ಆರಂಭವಾಗುವ ಅಲ್ ಅಸ್ರ್ ಅಧ್ಯಾಯವನ್ನು ನಾವು ನಮಾಝಿನಲ್ಲಿ ಎಷ್ಟೋ ಬಾರಿ ಓದುತ್ತೇವೆ. ಮನುಷ್ಯನ ನಷ್ಟದ ಕುರಿತು ಎಚ್ಚರಿಸುವ ಆ ಅಧ್ಯಾಯ, ಪರಸ್ಪರ ಸತ್ಯವನ್ನೂ ಸಹನೆಯನ್ನೂ ಬೋಧಿಸುವವರನ್ನು ಆ ನಷ್ಟದಿಂದ ಹೊರಗಿಡುತ್ತದೆ. ಬೋಧಿಸಬೇಕಾದರೆ ಮನೆಯವರು ಒಬ್ಬರಿಗೊಬ್ಬರು ಎದುರು ಕುಳಿತು ಮಾತನಾಡಬೇಕು. ಮಕ್ಕಳ ಬಾಲ್ಯ ಎರಡನೆಯ ಸಲ ಬರುವುದಿಲ್ಲ. ಇಂದು ರಾತ್ರಿ ನಿಮ್ಮ ಮಗ ಅಥವಾ ಮಗಳು ಏನನ್ನಾದರೂ ಹೇಳಲು ಬಂದಾಗ ಫೋನನ್ನು ಕೆಳಗಿಟ್ಟು ಅವರ ಕಡೆಗೆ ಪೂರ್ತಿಯಾಗಿ ತಿರುಗಿ. ಸುಧಾರಣೆ ಅಲ್ಲಿಂದ ಆರಂಭವಾಗಲಿ.

ನಮ್ಮ ಸಮಯದಲ್ಲಿ ಬರಕತ್ತನ್ನೂ ನಮ್ಮ ಮನೆಗಳಲ್ಲಿ ನೆಮ್ಮದಿಯನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.